ಟೆಲಿಸ್ಕೋಪನ್ನು ದಕ್ಷಿಣಕ್ಕೆ ತಿರುಗಿಸಿ: ರಜೆಗೆ ಕಾಸರಗೋಡಿಗೆ ಬರುವವರಿಗೆ

ಡಿಸೆಂಬರ್ ಕೊನೆಯ ವಾರ ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತುವಾಗ ಬಟ್ಟೆಬರೆಯೆಲ್ಲ ಡಿಕ್ಕಿಗೆ ಹೋಗುತ್ತದೆ, ಮಗಳ ಹಳೇ ಶಾಲೆ ಬ್ಯಾಗು ಮಾತ್ರ ನನ್ನ ಮಡಿಲಲ್ಲೇ ಇರುತ್ತದೆ. ಅದರೊಳಗೆ ಬೈರಾಸಿನಲ್ಲಿ ಸುತ್ತಿದ, ಮೊಳದುದ್ದದ ಒಂದು ಟೆಲಿಸ್ಕೋಪು. ಒಮ್ಮೆ ಕಂಡಕ್ಟರ್ "ಫ್ಲಾಸ್ಕಾ ಸಾರ್, ಚೆಲ್ಲುತ್ತಾ?" ಅಂತ ಕೇಳಿದ್ದ. ಬೆಳಿಗ್ಗೆ ಬದಿಯಡ್ಕದ ಹತ್ತಿರ ಅಣ್ಣನ ಮನೆ ತಲುಪುವವರೆಗೆ ಅದನ್ನು ಕೆಳಗಿಡುವುದಿಲ್ಲ.

ಪುಸ್ತಕವಾಗಲಿ ಯೂಟ್ಯೂಬಾಗಲಿ, ಆಕಾಶ ನೋಡುವ ಮೊದಲ ಪಾಠ ಅಂದರೆ "ಉತ್ತರಕ್ಕೆ ತಿರುಗಿ ಧ್ರುವ ನಕ್ಷತ್ರ ಹುಡುಕಿ". ಯುರೋಪು, ಅಮೆರಿಕದವರು ಬರೆದದ್ದನ್ನೇ ಎಲ್ಲರೂ ಒಪ್ಪಿಸುವುದು. ಕಾಸರಗೋಡು ಇರುವುದು ಹೆಚ್ಚುಕಮ್ಮಿ 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಧ್ರುವವೂ ದಿಗಂತದಿಂದ ಅಷ್ಟೇ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಅಡ್ಡಕ್ಕೆ ಸುಮಾರು 10 ಡಿಗ್ರಿ. ಅಂದರೆ ಒಂದು ಮುಷ್ಟಿ, ಮೇಲೆ ಒಂಚೂರು. ಅಣ್ಣನ ಅಂಗಳದಲ್ಲಿ ಆ ಎತ್ತರಕ್ಕೆ ಕಂಗಿನ ಸೋಗೆಯಲ್ಲದೆ ಬೇರೇನೂ ಇಲ್ಲ. ನಾನು ಆ ಅಂಗಳದಿಂದ ಧ್ರುವವನ್ನು ಇದುವರೆಗೆ ನೋಡಿದವನಲ್ಲ, ನೋಡಬೇಕೆಂಬ ಹಟವೂ ಹೋಗಿದೆ. ನಮ್ಮ ಪಾಲಿಗೆ ಬಂದಿರುವುದು ದಕ್ಷಿಣ. ಲಂಡನ್ನಿನವರಿಗೆ ಜನ್ಮದಲ್ಲಿ ಮೂಡದ ನಕ್ಷತ್ರಗಳು ನಮ್ಮ ಗುಡ್ಡೆಯ ಮೇಲೆ ದಿನಾ ಹಾದುಹೋಗುತ್ತವೆ.

ಇದು ನನ್ನ ಊರಿನ ಅಭಿಮಾನದ ಮಾತಲ್ಲ. ತಮಿಳುನಾಡಿನ ಜವ್ವಾದು ಬೆಟ್ಟದಲ್ಲಿ ಕವಲೂರು ಅಂತ ಒಂದು ಹಳ್ಳಿಯಿದೆ. 1986ರಲ್ಲಿ ಉದ್ಘಾಟನೆಯಾದ 2.34 ಮೀಟರ್ ದರ್ಪಣದ ವೈನು ಬಾಪ್ಪು ಟೆಲಿಸ್ಕೋಪು ಇರುವುದು ಅಲ್ಲಿ. ನಕಾಶೆಯಲ್ಲಿ ಕಾಸರಗೋಡಿನಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಹತ್ತಿರ ಹತ್ತಿರ ಅಲ್ಲಿಗೇ ಹೋಗಿ ಮುಟ್ಟುತ್ತದೆ. ದಕ್ಷಿಣದ ಆಕಾಶವೂ ಸಿಗುತ್ತದೆ ಎಂಬುದು ಆ ಜಾಗದ ಒಂದು ದೊಡ್ಡ ಗುಣ. ಬೆಂಗಳೂರೂ ಅದೇ ಅಕ್ಷಾಂಶದ ಆಸುಪಾಸಿನಲ್ಲೇ ಇದೆ ನಿಜ, ಆದರೆ ನನ್ನ ಫ್ಲ್ಯಾಟಿನ ಬಾಲ್ಕನಿಯಿಂದ ಕಾಣುವುದು ಎದುರು ಮನೆಯವರ ಟಿವಿ.

ಯಾವ ಟೆಲಿಸ್ಕೋಪು ಅಂತ ಕೇಳುವವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ನನ್ನದು 70 ಮಿ.ಮೀ. ಅಗಲದ ಮಸೂರ, 400 ಮಿ.ಮೀ. ಸಂಗಮ ದೂರ (ಮಸೂರದಿಂದ ಬಿಂಬ ಮೂಡುವ ಜಾಗಕ್ಕಿರುವ ಅಂತರ). ಸಂಗಮ ದೂರವನ್ನು ಐಪೀಸಿನ, ಅಂದರೆ ಕಣ್ಣಿಡುವ ತುದಿಯ ಮಸೂರದ, ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಸಿಗುತ್ತದೆ: 20 ಮಿ.ಮೀ. ಐಪೀಸಿಗೆ 20 ಪಟ್ಟು, 10ಕ್ಕೆ 40 ಪಟ್ಟು. ಡಬ್ಬದ ಮೇಲೆ "525 ಪಟ್ಟು" ಅಂತ ಬರೆದದ್ದು ಕಂಡರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಮಸೂರದ ಒಂದು ಮಿಲಿಮೀಟರಿಗೆ ಎರಡು ಪಟ್ಟು ದಾಟಿದರೆ ಬಿಂಬ ದೊಡ್ಡದಾದರೂ ಮಸುಕಾಗುತ್ತದೆ. ಮೋಟಾರು ಗೀಟಾರು ಬೇಡ. ಮೇಲೆ ಕೆಳಗೆ, ಅತ್ತ ಇತ್ತ ಕೈಯಲ್ಲೇ ತಿರುಗಿಸುವ ಸ್ಟ್ಯಾಂಡು ಸಾಕು. ಧ್ರುವಕ್ಕೆ ಗುರಿಯಿಟ್ಟು ಕೂರಿಸುವ ಭಾರದ ಸ್ಟ್ಯಾಂಡು ತಂದು ಕಂಗಿನ ಸೋಗೆಗೆ ಗುರಿಯಿಟ್ಟು ಏನು ಮಾಡುತ್ತೀರಿ? ಒಂದು ವಸ್ತು ಮಾತ್ರ ಮರೆಯಬೇಡಿ: ನೋಟವನ್ನು 90 ಡಿಗ್ರಿ ಮಡಿಸುವ ಕನ್ನಡಿ ತುಂಡು, ಡಯಾಗನಲ್. ನಮ್ಮ ಕಡೆ ಗ್ರಹಗಳು, ಮಹಾವ್ಯಾಧ (ಓರಿಯನ್) ಎಲ್ಲ ನೆತ್ತಿಯ ಹತ್ತಿರವೇ ಸಾಗುತ್ತವೆ. ಡಯಾಗನಲ್ ಇಲ್ಲದೆ ನೋಡಹೊರಟರೆ ನೆಲದ ಮೇಲೆ ಅಂಗಾತ ಮಲಗಬೇಕಾಗುತ್ತದೆ. ಇದ್ದರೂ ನೆತ್ತಿಗೆ ಬಂದಾಗ ಕೊಳವೆಯ ಹಿಂಬದಿ ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ. ಆದ್ದರಿಂದ ಏನೇ ಆದರೂ ಪೂರ್ವದಲ್ಲಿ ಅರ್ಧ ಏರಿದಾಗಲೇ ನೋಡಿ ಮುಗಿಸಿ.

ಇನ್ನು ನಮ್ಮೂರಿನ ನಿಜವಾದ ವೈರಿ. ಮೋಡವಲ್ಲ. ತುಲಾ ಮಾಸದ ಮಳೆ ಮುಗಿದ ಮೇಲೆ ಡಿಸೆಂಬರಿನಿಂದ ಮಾರ್ಚಿನವರೆಗೆ ಆಕಾಶ ಸಾಮಾನ್ಯವಾಗಿ ಶುಭ್ರ. ವೈರಿ ಅಂದರೆ ಗಾಳಿಯಲ್ಲಿರುವ ನೀರು.

ನನ್ನ ಮೊದಲ ಟೆಲಿಸ್ಕೋಪನ್ನು ಒಂದು ಮೇ ತಿಂಗಳಲ್ಲಿ ಅಣ್ಣನ ಮನೆಯಲ್ಲೇ ಬಿಟ್ಟುಬಂದೆ. ಭದ್ರವಾಗಿರಲಿ ಅಂತ ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟದ್ದು ನಾನೇ. ಡಿಸೆಂಬರಿನಲ್ಲಿ ಬಂದು ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ ಮಸೂರದ ಒಳಮೈಯಲ್ಲಿ ಅಂಚಿನಿಂದ ನಡುವಿನ ಕಡೆಗೆ ಬಿಳಿ ಎಳೆಗಳು ಕವಲೊಡೆದು ಹರಡಿದ್ದವು, ಜೇಡನ ಬಲೆಯ ಕಾಲುಭಾಗ ಕತ್ತರಿಸಿ ಅಂಟಿಸಿದ ಹಾಗೆ. ಫಂಗಸ್. ಅಂಗಡಿಯವನು ಬಿಚ್ಚಿ ಒರೆಸಿಕೊಟ್ಟ. ಎಳೆ ಹೋಯಿತು, ಎಳೆ ಕೂತ ಗುರುತು ಹೋಗಲಿಲ್ಲ. ಗಾಜಿನ ಮೇಲಿನ ಲೇಪವನ್ನೇ ಅದು ತಿಂದಿತ್ತು. ಆಮೇಲೆ ಆ ಟೆಲಿಸ್ಕೋಪಿನಲ್ಲಿ ಚಂದ್ರನ ಸುತ್ತ ಯಾವಾಗಲೂ ಒಂದು ಮಂಜಿನ ಬಳೆ.

ಹಾಗಾಗಿ ಈಗಿನ ಕ್ರಮ ಹೀಗೆ. ಟೆಲಿಸ್ಕೋಪು ಇರುವುದು ರಬ್ಬರ್ ಅಂಚಿನ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಜೊತೆಗೆ ಬಟ್ಟೆಯ ಚೀಲದಲ್ಲಿ ಎರಡು ಹಿಡಿ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಅದರ ಹೊಟ್ಟೆ ತುಂಬಿತು ಅಂತ ಲೆಕ್ಕ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಕಾಯಿಸಿದರೆ ಪುನಃ ಬಳಸಬಹುದು. ಕಾವಲಿ ಮಾತ್ರ ಬೇರೆಯೇ ಇರಲಿ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ವಿಷ. ನಾನು ಮೊದಲ ಸಲ ಅತ್ತಿಗೆಯ ದೋಸೆ ಕಾವಲಿಯಲ್ಲಿ ಹುರಿದೆ. ಆ ಕಾವಲಿಯನ್ನು ತೋಟದ ಕೆರೆಯ ಬದಿಗೆ ಎಸೆದು ಹೊಸದು ತಂದುಕೊಡಬೇಕಾಯಿತು. ಅದನ್ನು ಈಗಲೂ ನೆಂಟರ ಎದುರು ಹೇಳುತ್ತಾರೆ.

ಬೇಕಲದ ಕಡೆ ಎಸಿ ರೂಮಿನಲ್ಲಿ ಇಳಿದುಕೊಳ್ಳುವವರಿಗೆ ಇನ್ನೊಂದು ಪೀಕಲಾಟವಿದೆ. ತಣ್ಣಗಿನ ಕೋಣೆಯಿಂದ ಟೆಲಿಸ್ಕೋಪು ಹೊರಗೆ ತಂದ ಅರ್ಧ ನಿಮಿಷಕ್ಕೆ ಗಾಜೆಲ್ಲ ಬೆವರುತ್ತದೆ, ಫ್ರಿಜ್ಜಿನಿಂದ ತೆಗೆದ ಸೋಡಾ ಬಾಟಲಿಯ ಹಾಗೆ. ಒರೆಸಬೇಡಿ, ಒರೆಸಿದರೆ ಉಪ್ಪು ಧೂಳು ಸೇರಿ ಗಾಜು ಗೀರುತ್ತದೆ. ನೋಡುವುದಕ್ಕೆ ಒಂದು ಗಂಟೆ ಮೊದಲೇ ಚೀಲ ಸಮೇತ, ಮುಚ್ಚಳ ಹಾಕಿಯೇ ವರಾಂಡದಲ್ಲಿ ಇಟ್ಟುಬಿಡಿ. ಹೊರಗಿನ ಬಿಸಿಗೆ ಬಂದ ಮೇಲೆ ಬಿಚ್ಚಿ.

ತೋಟದ ಕಡೆ ನಡುರಾತ್ರಿಯ ಮೇಲೆ ಇಬ್ಬನಿ ಬೀಳತೊಡಗಿದರೆ ಮುಂದಿನ ಮಸೂರ ತಾನೇ ಒದ್ದೆಯಾಗುತ್ತದೆ. ಇದಕ್ಕೆ ಮಸೂರದ ಮುಂದೆ ಒಂದು ತೋಳು ಕಟ್ಟಬೇಕು. ಅಂಗಡಿಯದ್ದಕ್ಕೆ ದುಡ್ಡು ಸುರಿಯುವುದು ಬೇಡ, ಅಣ್ಣ ಅಡಿಕೆ ಹಾಳೆಯಲ್ಲಿ ಮಾಡಿಕೊಟ್ಟದ್ದನ್ನೇ ನಾನು ಆರು ವರ್ಷ ಬಳಸಿದ್ದೇನೆ. ಆಗಷ್ಟೇ ಬಿದ್ದ, ಒಡೆಯದ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ಹಾಕಿದ. ಬಾಗುವ ಹದಕ್ಕೆ ಬಂದಾಗ ಒಂದು ಗೇಣು ಅಗಲಕ್ಕೆ ಕತ್ತಿಯಲ್ಲಿ ಕೊಯ್ದು, ಟೆಲಿಸ್ಕೋಪಿನ ಮೂತಿಯಷ್ಟೇ ದಪ್ಪದ ಪಿವಿಸಿ ಪೈಪಿಗೆ ಸುತ್ತಿ ಬಾಳೆಬಳ್ಳಿಯಲ್ಲಿ ಕಟ್ಟಿ ಬಿಸಿಲಿಗಿಟ್ಟ. ಎರಡು ದಿನದಲ್ಲಿ ಒಣಗಿ ಗಟ್ಟಿ ಕೊಳವೆಯಾಯಿತು. ಹಾಳೆಯ ನಯವಾದ ಒಳಮೈ ಬಿಳಿ, ಬೆಳಕು ಹೊಳೆಯುತ್ತದೆ, ಅದಕ್ಕೆ ಮಸಿ ಬಳಿದೆವು. ಮಸೂರದಿಂದ ಮುಂದಕ್ಕೆ, ಅದರ ಅಗಲದ ಒಂದೂವರೆ ಪಟ್ಟು ಉದ್ದ ಚಾಚಿಕೊಂಡಿರಲಿ. ಆಕಾಶಕ್ಕೆ ತೆರೆದುಕೊಳ್ಳುವುದು ಕಡಿಮೆಯಾದಷ್ಟೂ ಗಾಜು ತಣಿಯುವುದು ನಿಧಾನ. ನೋಡಿದವರು ಟೆಲಿಸ್ಕೋಪಿಗೆ ಮುಟ್ಟಾಳೆ (ಹಾಳೆಯ ಟೊಪ್ಪಿ) ಇಟ್ಟಿದ್ದೀರಾ ಅಂತ ನಗುತ್ತಾರೆ. ನಗಲಿ.

ಜಾಗ ಹುಡುಕುವುದು ಹಗಲಿನ ಕೆಲಸ. ಹೆದ್ದಾರಿ 66ರ ಪಕ್ಕ ಬೇಡ, ಆರು ಪಥ ಆದ ಮೇಲೆ ಅಲ್ಲಿ ದೀಪವೋ ದೀಪ. ಕಡಲ ಕರೆ ಚಂದವೇ, ಕಣ್ವತೀರ್ಥದಲ್ಲಿ ನಾನೂ ಇಟ್ಟು ನೋಡಿದ್ದೇನೆ. ಆದರೆ ಪಶ್ಚಿಮದಲ್ಲಿ ದೋಣಿಗಳ ದೀಪ, ಮುಖಕ್ಕೆ ಉಪ್ಪು ಗಾಳಿ, ಕಾಲಡಿ ಹೊಯ್ಗೆ. ಹೊಯ್ಗೆಯಲ್ಲಿ ಸ್ಟ್ಯಾಂಡಿನ ಕಾಲು ಹೂತು ಬಿಂಬ ಇಳಿಯುತ್ತಲೇ ಹೋಗುತ್ತದೆ. ಮೂರು ಗೆರಟೆ ಕವುಚಿ ಹಾಕಿ ಅದರ ಮೇಲೆ ಒಂದೊಂದು ಕಾಲು ಇಟ್ಟರೆ ನಿಲ್ಲುತ್ತದೆ. ಮನೆಯ ತಾರಸಿ ಸುಲಭ, ಆದರೆ ಹಗಲಿಡೀ ಕುಡಿದ ಬಿಸಿಲನ್ನು ಕಾಂಕ್ರೀಟು ರಾತ್ರಿ ಒಂಬತ್ತರವರೆಗೆ ಕಕ್ಕುತ್ತಿರುತ್ತದೆ, ಗ್ರಹಗಳೆಲ್ಲ ಕುದಿಯುವ ನೀರಿನೊಳಗಿಂದ ನೋಡಿದ ಹಾಗೆ. ಅಂಗಳದಲ್ಲಂತೂ ಈ ತಿಂಗಳು ಅಡಿಕೆ ಒಣಗಲು ಹರಗಿರುತ್ತಾರೆ, ಕಾಲಿಡಲೂ ಜಾಗವಿಲ್ಲ.

ನನಗೆ ಒಗ್ಗಿದ್ದು ಪದವು. ಮನೆ, ತೋಟ ಎಲ್ಲ ತಗ್ಗಿನಲ್ಲಿರುತ್ತವೆ, ಗುಡ್ಡೆ ಹತ್ತಿದರೆ ಮೇಲೆ ಮುರಕಲ್ಲಿನ ಬೋಳು ಬಯಲು. ಸುತ್ತ ದಿಗಂತ ಬಿಚ್ಚಿಕೊಂಡಿರುತ್ತದೆ, ತಗ್ಗಿನ ಮಂಜೂ ಅಷ್ಟಾಗಿ ಮೇಲೆ ಬರುವುದಿಲ್ಲ. ಪೊಸಡಿ ಗುಂಪೆಯಂಥ ಗುಡ್ಡ ಹತ್ತಿರವಿದ್ದವರ ಪುಣ್ಯ. ದಕ್ಷಿಣದಲ್ಲಿ ಮರ, ಮೊಬೈಲ್ ಟವರು ಇಲ್ಲದ ಕಡೆ ನೋಡಿಕೊಂಡು ಒಂದು ಕಲ್ಲಿಗೆ ಸುಣ್ಣ ಹಚ್ಚಿ ಬನ್ನಿ. ದಿಕ್ಕು ನೋಡುವಾಗ ಫೋನನ್ನು ಜೀಪಿನ ಬಾನೆಟ್ಟಿನ ಮೇಲಿಡಬೇಡಿ, ಕಬ್ಬಿಣದ ಹತ್ತಿರ ಅದರ ಉತ್ತರ ಎಲ್ಲಿಗೋ ಹೋಗುತ್ತದೆ. ಗುರಿದರ್ಶಕವನ್ನು, ಅಂದರೆ ಕೊಳವೆಯ ಮೇಲೆ ಕೂರಿಸಿದ ಗುರಿ ಹಿಡಿಯುವ ಸಾಧನವನ್ನು, ಹೊತ್ತು ಮುಳುಗುವ ಮೊದಲು ಪೂರ್ವದ ಕಡೆಯ ದೂರದ ತೆಂಗಿನ ತುದಿಗೆ ಹೊಂದಿಸಿಕೊಳ್ಳಿ, ಕತ್ತಲೆಯಲ್ಲಿ ಆ ಕೆಲಸ ಆಗುವುದಲ್ಲ. ಸೂರ್ಯನ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ, ಕಣ್ಣು ಹೋದರೆ ಹೋಯಿತು. ಕಾಲಿಗೆ ಬೂಟು ಇರಲಿ, ಮುಳಿಹುಲ್ಲಿನಲ್ಲಿ ಹಾವಿರುತ್ತದೆ.

ಮತ್ತೆ, ಅಕ್ಕಪಕ್ಕದವರಿಗೆ ಹೇಳಿ ಹೋಗಿ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಗುಡ್ಡೆಯಲ್ಲಿ ಬೆಳಕು ಕಂಡರೆ ಊರಿನವರಿಗೆ ಒಂದೇ ಅನುಮಾನ. ಒಂದು ವರ್ಷ ಬೆಳಗಿನ ಜಾವ ಅಣ್ಣನ ಮಕ್ಕಳ ಜೊತೆ ಪದವಿನಲ್ಲಿದ್ದಾಗ ಕೆಳಗಿನಿಂದ ಟಾರ್ಚು ಬಂತು, ಹಿಂದೆ "ಏರ್ ಅವುಳು?" ಅಂತ ಗದರು ದನಿ. ಯಾರದು ಅಲ್ಲಿ ಅಂತ. ನಾನೂ ತುಳುವಿನಲ್ಲೇ ಮನೆಯ ಹೆಸರು ಹೇಳಿದೆ. ಕೋಲ ಮುಗಿಸಿ ವಾಪಸು ಹೋಗುತ್ತಿದ್ದ ಇಬ್ಬರು. ಬಂದವರು ಕೊಳವೆಯನ್ನು ಸುತ್ತು ಹಾಕಿ ನೋಡಿ, ಚಂದ್ರಯಾನ ಇಳಿದದ್ದು ಕಾಣುತ್ತದಾ ಅಂತ ಕೇಳಿದರು. ಈ ಪ್ರಶ್ನೆ ಕೇಳದವರೇ ಇಲ್ಲ. 2023ರ ಆಗಸ್ಟ್ 23ಕ್ಕೆ ಇಳಿದ ವಿಕ್ರಮ್, ಭೂಮಿಯ ಮೇಲಿನ ಎಷ್ಟು ದೊಡ್ಡ ಟೆಲಿಸ್ಕೋಪಿಗೂ ಕಾಣುವಷ್ಟು ದೊಡ್ಡದಲ್ಲ. ಸಾಲದ್ದಕ್ಕೆ ನಾವು ಪದವಿನಲ್ಲಿದ್ದ ಆ ರಾತ್ರಿ ಅಮಾವಾಸ್ಯೆ, ಚಂದ್ರನೇ ಇಲ್ಲ.

ಅಮಾವಾಸ್ಯೆ ಅಂದೆನಲ್ಲ, ರಜೆಯ ದಿನ ಗೊತ್ತುಮಾಡುವಾಗ ಪಂಚಾಂಗ ನೋಡಿ. ಅಮಾವಾಸ್ಯೆಯ ಎರಡು ದಿನ ಆಚೀಚೆ ಸಿಕ್ಕಿದರೆ ದಕ್ಷಿಣ ಪೂರ್ತಿ ನಿಮ್ಮದು. ಚಿಕ್ಕ ಮಕ್ಕಳಿದ್ದರೆ ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗೆ ಸರಿ, ಬೆಳಕು ಕತ್ತಲೆಯ ಗಡಿಯಲ್ಲಿ ಕುಳಿಗಳ ನೆರಳು ಉದ್ದುದ್ದ ಬಿದ್ದು ಚಂದ್ರ ಎದ್ದು ಕಾಣುತ್ತಾನೆ. ಹುಣ್ಣಿಮೆ ಚಂದ್ರ ಟೆಲಿಸ್ಕೋಪಿನಲ್ಲಿ ಸಪ್ಪೆ. ಟಾರ್ಚಿಗೆ ನಾಟಕದ ಸಾಮಾನಿನ ಅಂಗಡಿಯ ಕೆಂಪು ಜಿಲೇಟಿನ್ ಕಾಗದ ನಾಲ್ಕು ಪದರ ಕಟ್ಟಿ. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು, ಒಬ್ಬ ಫೋನು ತೆಗೆದರೆ ಎಲ್ಲರದ್ದೂ ಮೊದಲಿನಿಂದ.

ಸಂಜೆಯ ಆಕಾಶ ಎಲ್ಲರಿಗೂ ಗೊತ್ತಿರುವಂಥದ್ದು, ಬೇಗ ಮುಗಿಸುತ್ತೇನೆ. ಕೃತ್ತಿಕೆ 20 ಪಟ್ಟಿನಲ್ಲಿ ಇಡಿಯಾಗಿ ನೋಟದೊಳಗೆ ಕೂರುತ್ತದೆ. ಮಹಾವ್ಯಾಧನ ನಡುಪಟ್ಟಿಯ ಕೆಳಗೆ ತೂಗುವ ಕತ್ತಿಯಲ್ಲಿ ನೀಹಾರಿಕೆ, ಅಂದರೆ ಅನಿಲ, ಧೂಳಿನ ಹೊಳೆಯುವ ಮೋಡ; ನಕ್ಷೆಗಳಲ್ಲಿ ಅದರ ಹೆಸರು ಎಂ 42. ಸುಮಾರು 1,300 ಜ್ಯೋತಿರ್ವರ್ಷ ದೂರ. ಗುರು ಆಕಾಶದಲ್ಲಿದ್ದರೆ ಅದರ ನಾಲ್ಕು ಚಂದ್ರರು. 1610ರ ಜನವರಿಯಲ್ಲಿ ಗೆಲಿಲಿಯೋ ಅವನ್ನು ಕಂಡ ಕೊಳವೆಯೂ ಹೆಚ್ಚುಕಮ್ಮಿ 20 ಪಟ್ಟಿನದ್ದೇ. ಶನಿಯ ಬಳೆ 2025ರ ಮಾರ್ಚಿನಲ್ಲಿ ನಮಗೆ ಅಂಚು ತೋರಿಸಿ ನಿಂತಿತ್ತು, ಈಗ ವರ್ಷ ವರ್ಷ ಬಿಚ್ಚಿಕೊಳ್ಳುತ್ತಿದೆ. ಲುಬ್ಧಕದಿಂದ (ಸಿರಿಯಸ್) ದಕ್ಷಿಣಕ್ಕೆ 4 ಡಿಗ್ರಿ ಸರಿದರೆ ಎಂ 41 ಎಂಬ ನಕ್ಷತ್ರ ಗುಚ್ಛ. ಇನ್ನೂ ಕೆಳಗೆ, ದಕ್ಷಿಣದಲ್ಲಿ ಒಂಟಿಯಾಗಿ ಹೊಳೆಯುವುದು ಅಗಸ್ತ್ಯ, ರಾತ್ರಿ ಆಕಾಶದ ಎರಡನೇ ಉಜ್ವಲ ನಕ್ಷತ್ರ. ಡಿಸೆಂಬರ್ ಕೊನೆಗೆ ಅದು ಅತಿ ಎತ್ತರಕ್ಕೆ ಬರುವುದು ರಾತ್ರಿ ಹನ್ನೆರಡೂವರೆಗೆ, ಫೆಬ್ರವರಿ ಮೊದಲ ವಾರ ಹತ್ತು ಗಂಟೆಗೇ. ತಿಂಗಳಿಗೆ ಎರಡು ಗಂಟೆ ಹಿಂದಕ್ಕೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹೊರಗಿನ ಪುಸ್ತಕದ ಕೋಷ್ಟಕ ನೋಡುವವರು ಇನ್ನೂ ಅರ್ಧ ಗಂಟೆ ಸೇರಿಸಬೇಕು: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಕಾಸರಗೋಡು ಇರುವುದು 75ರಲ್ಲಿ.

ನೋಡಿದ್ದು ಸಾಕು ಅಂತ ಮಲಗಿಬಿಡಿ. ನಾಲ್ಕೂಕಾಲಿಗೆ ಅಲಾರಂ ಇಡಿ.

ಡಿಸೆಂಬರ್ ಕೊನೆಯ ವಾರ ಬೆಳಗಿನ ಐದು ಗಂಟೆ. ಹೊತ್ತು ಮೂಡಲು ಇನ್ನೂ ಎರಡು ಗಂಟೆಯ ಹತ್ತಿರ ಇದೆ, ಪೂರ್ವ ಬೆಳ್ಳಗಾಗಲು ಅರ್ಧ ಗಂಟೆ. ದಕ್ಷಿಣಕ್ಕೆ ಮುಖ ಮಾಡಿ ನಿಂತು, ಎರಡು ಮುಷ್ಟಿಗೆ ತುಸು ಕಡಿಮೆ ಎತ್ತರಕ್ಕೆ ಟೆಲಿಸ್ಕೋಪು ತಿರುಗಿಸಿ 20 ಪಟ್ಟಿನಲ್ಲಿ ನಿಧಾನ ಗುಡಿಸಿ. ಮೊದಲು ಸಿಗುವುದು ಎನ್‌ಜಿಸಿ 3532 ಎಂಬ ಗುಚ್ಛ, ನೋಟದ ತುಂಬ ಚೆಲ್ಲಿದ ನಕ್ಷತ್ರಗಳು. 1990ರ ಮೇ 20ರಂದು ಹಬಲ್ ಟೆಲಿಸ್ಕೋಪು ತನ್ನ ಮೊದಲ ಚಿತ್ರ ತೆಗೆದದ್ದು ಈ ಗುಚ್ಛದ ಕಡೆಗೆ ತಿರುಗಿ. ಅದರ ಬಲಕ್ಕೆ ಮೂರು ಡಿಗ್ರಿ ಸರಿದರೆ ಮಸುಕು ಬೆಳಕಿನ ಒಂದು ತೇಪೆ, ನಡುವೆ ಕಪ್ಪು ಸೀಳು: ಕರೀನಾ ನೀಹಾರಿಕೆ. ಮಹಾವ್ಯಾಧನದ್ದಕ್ಕಿಂತ ಎಷ್ಟೋ ದೊಡ್ಡದು. ಇಷ್ಟು ತಗ್ಗಿನಲ್ಲಿ ಹಾದುಹೋಗುವುದರಿಂದ ಗಾಳಿ ಅದರ ಅರ್ಧ ಹೊಳಪು ನುಂಗುತ್ತದೆ, ಆದ್ದರಿಂದಲೇ ಪದವಿನಂಥ ಜಾಗ ಬೇಕು ಅಂದದ್ದು.

ಈಗ ತ್ರಿಶಂಕು, ಇಂಗ್ಲಿಷಿನವರ ಸದರ್ನ್ ಕ್ರಾಸ್, ನಾಲ್ಕು ನಕ್ಷತ್ರಗಳ ಶಿಲುಬೆ. ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಎರಡು ವರ್ಷ ನಾನು ಮಕ್ಕಳಿಗೆ, ಅಣ್ಣನಿಗೆ, ಬಂದ ನೆಂಟರಿಗೆಲ್ಲ ತ್ರಿಶಂಕು ಅಂತ ತೋರಿಸಿದ್ದು ಬೇರೆಯದನ್ನು. ರಾತ್ರಿ ಮೂರರ ಹೊತ್ತಿಗೆ ದಕ್ಷಿಣದಲ್ಲಿ ನಾಲ್ಕು ನಕ್ಷತ್ರಗಳ ಒಂದು ಶಿಲುಬೆ ಕಾಣುತ್ತದೆ, ದೊಡ್ಡದು, ಚೆನ್ನಾಗಿಯೂ ಇದೆ. ಅದು ಸುಳ್ಳು ಶಿಲುಬೆ. ವಿಶ್ವಾಮಿತ್ರನ ಕತೆಯನ್ನೆಲ್ಲ ಅದಕ್ಕೇ ತೊಡಿಸಿ ಹೇಳಿದ್ದೆ. ನಿಜವಾದ ತ್ರಿಶಂಕು ಚಿಕ್ಕದು, ಇದಕ್ಕಿಂತ ಪ್ರಕಾಶ, ಆಮೇಲೆ ಮೂಡುವುದು. ಐದು ಗಂಟೆಗೆ ದಕ್ಷಿಣದಿಂದ ಎಡಕ್ಕೆ, ಇನ್ನೂ ನೆಟ್ಟಗಾಗದೆ ಎಡಕ್ಕೆ ವಾಲಿಕೊಂಡಿರುತ್ತದೆ. ಗುರುತು ಬೇಕಾದರೆ ಅದರ ಎಡಗೆಳಗೆ ನೋಡಿ: ಆಲ್ಫಾ ಸೆಂಟಾರಿ, ಬೀಟಾ ಸೆಂಟಾರಿ ಎಂಬ ಎರಡು ಉಜ್ವಲ ನಕ್ಷತ್ರಗಳು ದಿಗಂತದಿಂದ ಆಗಷ್ಟೇ ಮೇಲೆ ಬಂದಿರುತ್ತವೆ. ಆ ಜೋಡಿ ಇದ್ದರೆ ತ್ರಿಶಂಕು, ಇಲ್ಲದಿದ್ದರೆ ಅಲ್ಲ. ಅದರ ಬುಡದ ನಕ್ಷತ್ರಕ್ಕೆ 10 ಮಿ.ಮೀ. ಐಪೀಸು, ಬಿಂಬವನ್ನು ಎರಡು ಪಟ್ಟು ಮಾಡುವ ಬಾರ್ಲೋ ಮಸೂರ ಎರಡನ್ನೂ ಹಾಕಿ. ಗಾಳಿ ನಿಂತ ಗಳಿಗೆಯಲ್ಲಿ ಒಂದು ಎರಡಾಗಿ ಒಡೆಯುತ್ತದೆ.

ಕೊನೆಗೆ ಉಳಿಸಿಕೊಂಡದ್ದು ಒಮೆಗಾ ಸೆಂಟಾರಿ. ಬೀಟಾ ಸೆಂಟಾರಿಯಿಂದ ಮೇಲಕ್ಕೆ ಎಪ್ಸಿಲಾನ್ ಸೆಂಟಾರಿಗೆ ಗೆರೆ ಎಳೆಯಿರಿ, ಅಷ್ಟೇ ದೂರ ಮತ್ತೂ ಮುಂದುವರಿಸಿ. ಅಲ್ಲಿ ಬರಿಗಣ್ಣಿಗೆ ಒಂದು ಮಂಕು ಚುಕ್ಕೆ. 20 ಪಟ್ಟಿನಲ್ಲಿ ಹುಣ್ಣಿಮೆ ಚಂದ್ರನ ಗಾತ್ರದ ದುಂಡನೆಯ ಹೊಗೆ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಕೋಟಿಯಷ್ಟು ನಕ್ಷತ್ರಗಳ ಗೋಳ. 70 ಮಿ.ಮೀ. ಮಸೂರಕ್ಕೆ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ, ಚಿತ್ರದಲ್ಲಿ ನೋಡಿದ ಸಕ್ಕರೆ ರಾಶಿಯನ್ನು ನೆನೆದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ. ಅಮ್ಮನಿಗೆ ಎಂಬತ್ತು ದಾಟಿದೆ. ಒಂದು ವರ್ಷ ಅವಳನ್ನು ಜೀಪಿನಲ್ಲಿ ಪದವಿಗೆ ಕರೆತಂದು, ಮಣೆಯ ಮೇಲೆ ಕೂರಿಸಿ ತೋರಿಸಿದೆ. ಎರಡು ನಿಮಿಷ ಮಾತಿಲ್ಲ. ನೇರ ದಿಟ್ಟಿಸಬೇಡ, ಸ್ವಲ್ಪ ಪಕ್ಕಕ್ಕೆ ನೋಡು, ಮಂಕು ವಸ್ತು ಕಣ್ಣಂಚಿಗೆ ಚೆನ್ನಾಗಿ ಕಾಣುತ್ತದೆ ಅಂದೆ. "ಓ, ಭಸ್ಮ ಮೆತ್ತಿದ ಹಾಂಗೆ ಕಾಣ್ತು" ಅಂದಳು. ಒದ್ದೆ ಬೆರಳಲ್ಲಿ ಹಣೆಗಿಟ್ಟ ಭಸ್ಮ ಒಣಗಿದ ಮೇಲೆ ಅಂಚಿನ ಕಡೆಗೆ ತೆಳುವಾಗುತ್ತದಲ್ಲ, ಸರಿಯಾಗಿ ಹಾಗೇ ಇರುತ್ತದೆ. ಹುಡುಕುವಾಗ ಅದನ್ನೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಡಿಸೆಂಬರಿನಲ್ಲಿ ಬರಲಾಗದವರು ಮಕ್ಕಳ ಬೇಸಗೆ ರಜೆಯಲ್ಲಿ ಬಂದರೆ ಇದೇ ಆಕಾಶ ನಿದ್ದೆಗೆಡದೆ ಸಿಗುತ್ತದೆ. ಏಪ್ರಿಲ್ ನಡುವಿನಲ್ಲಿ ತ್ರಿಶಂಕು ನೆಟ್ಟಗೆ ನಿಲ್ಲುವುದು ರಾತ್ರಿ ಹನ್ನೊಂದೂವರೆಗೆ, ಮೇ ನಡುವಿನಲ್ಲಿ ಒಂಬತ್ತೂವರೆಗೆ. ಮೇ ತಿಂಗಳಲ್ಲಿ ಸೆಖೆ, ಸಂಜೆ ಗುಡುಗು, ದಿಗಂತದಲ್ಲಿ ಮಬ್ಬು. ನಾಲ್ಕು ರಾತ್ರಿ ಇದ್ದರೆ ಒಂದು ಸಿಕ್ಕಿತು ಅಂದುಕೊಂಡೇ ಬನ್ನಿ.

ಪೂರ್ವ ಕೆಂಪಾಗುವಾಗ ಕೊಳವೆ ತೊಯ್ದಿರುತ್ತದೆ. ಆ ಹೊತ್ತಿಗೆ ಎಲ್ಲರಿಗೂ ಚಳಿ, ಕಾಪಿಯ ಆಸೆ, ಮುಚ್ಚಳ ಹಾಕಿ ಡಬ್ಬಿಗೆ ತುರುಕುವ ಅವಸರ. ಒದ್ದೆ ಗಾಜಿಗೆ ಮುಚ್ಚಳ ಹಾಕಿದರೆ ಫಂಗಸ್ಸಿಗೆ ಮನೆ ಕಟ್ಟಿಕೊಟ್ಟ ಹಾಗೆ. ತೆರೆದೇ ಕೆಳಗೆ ತಂದು, ಚಾವಡಿಯಲ್ಲಿ ಮೂತಿ ತುಸು ಕೆಳಮುಖವಾಗಿ ಒರಗಿಸಿ ಫ್ಯಾನು ಹಾಕಿ. ಹಾಳೆಯ ತೋಳನ್ನು ಅಡಿಕೆಯ ಜೊತೆಗೇ ಬಿಸಿಲಿಗೆ ಹಾಕಿ. ಮಧ್ಯಾಹ್ನದ ಊಟ ಮುಗಿಸಿ ಟಾರ್ಚು ಬಿಟ್ಟು ಮಸೂರ ನೋಡಿ, ಎಲ್ಲಿಯೂ ಮಂಜಿಲ್ಲದಿದ್ದರೆ ಮುಚ್ಚಳ, ಸಿಲಿಕಾ ಚೀಲ, ಡಬ್ಬಿ. ಬೆಂಗಳೂರಿನ ಬಸ್ಸು ಹೇಗೂ ರಾತ್ರಿಗೆ ತಾನೆ.